ರಾತ್ರಿ ಹತ್ತಕ್ಕೆ ಒಂದು ಕಾಳು, ಬೆಳಗ್ಗೆ ಐದಕ್ಕೆ ಐದು ಕೆಜಿ ರಾಗಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಆಹಾರ ಹೇಗೆ ಕೆಡುತ್ತದೆ ಅಂತ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಆದರೆ ಬೆಲ್ ಹೊಡೆದ ಕೂಡಲೇ ಕೈ ತೊಳೆಯದೇ ಊಟಕ್ಕೆ ಓಡುತ್ತಾರೆ. ಪ್ರಶ್ನೆ ಕೇಳಿ ಅಂದರೆ ಬರೀ ಪ್ಲಾಸ್ಟಿಕ್ ಅಕ್ಕಿ ಬಗ್ಗೆ ಕೇಳುತ್ತಾರೆ. ಶಾಲೆಯ ಮೈಕ್ರೋಸ್ಕೋಪ್ ಕೆಟ್ಟಿದೆ. ಕಣ್ಣಿಗೆ ಕಾಣದ ವಿಷಯವನ್ನು ಮನಸ್ಸಿಗೆ ಮುಟ್ಟಿಸುವುದು ಹೇಗೆ?

ಉತ್ತರ: ಮೇಡಂ, ಮೈಕ್ರೋಸ್ಕೋಪ್ ಕೆಟ್ಟಿದ್ದರೆ ಚಿಂತೆ ಬೇಡ. ನಿಮಗೆ ಬೇಕಾಗಿರುವುದು ಅರಿಶಿನ, ಬಟ್ಟೆ ಸೋಪು, ಒಂದು ಹಿಡಿ ರಾಗಿ ಮತ್ತು ಲ್ಯಾಬಿನ ಥರ್ಮಾಮೀಟರ್.

ಮೊದಲು ಅರಿಶಿನ. ಒಬ್ಬ ಹುಡುಗಿಯ ಅಂಗೈಗೆ ಎರಡು ಹನಿ ಎಣ್ಣೆ, ಒಂದು ಚಿಟಿಕೆ ಅರಿಶಿನ ಹಾಕಿ ತಿಕ್ಕಿಕೊಳ್ಳಲು ಹೇಳಿ. ಆಮೇಲೆ ಐದು ನಿಮಿಷ ಅವಳು ದಿನಾ ಮಾಡುವುದನ್ನೇ ಮಾಡಲಿ: ಬಾಗಿಲು ತೆಗೆಯಲಿ, ನೋಟ್‌ಬುಕ್ ಹಂಚಲಿ, ಗೆಳತಿಯ ಕೈ ಹಿಡಿಯಲಿ, ನೀರಿನ ಲೋಟ ಮುಟ್ಟಲಿ. ನಂತರ ಬಿಳಿ ಬಟ್ಟೆಯನ್ನು ಸೋಪಿನ ನೀರಲ್ಲಿ ಅದ್ದಿ ಆ ಜಾಗಗಳನ್ನೆಲ್ಲ ಒರೆಸಿ. ಅರಿಶಿನ ಸೋಪಿಗೆ ತಾಗಿದರೆ ಕೆಂಪಾಗುತ್ತದೆ, ಹತ್ತನೇ ತರಗತಿಯ ಆಮ್ಲ-ಪ್ರತ್ಯಾಮ್ಲದ ಪಾಠವೂ ಆಯಿತು. ಬಾಗಿಲ ಚಿಲಕದಿಂದ, ಲೋಟದ ಅಂಚಿನಿಂದ ಬಟ್ಟೆಗೆ ಕೆಂಪು ಹತ್ತಿದಾಗ ಮಕ್ಕಳು ಸುಮ್ಮನಾಗುತ್ತಾರೆ. ಕೊನೆಗೆ ಆ ಹುಡುಗಿ ಬರೀ ನೀರಲ್ಲಿ ಕೈ ತೊಳೆಯಲಿ, ಆಮೇಲೆ ಸೋಪು ಹಚ್ಚಿ 20 ಸೆಕೆಂಡ್ ತಿಕ್ಕಲಿ. ಉಗುರಿನ ಸಂದಿ, ಹೆಬ್ಬೆರಳಿನ ಬುಡದಲ್ಲಿ ಇನ್ನೂ ಬಣ್ಣ ಉಳಿದಿರುತ್ತದೆ. ನಾನು ಯಾವ ಶಾಲೆಗೆ ಹೋದರೂ ಇದನ್ನು ಮಾಡಿಸದೇ ಬರುವುದಿಲ್ಲ. ಲಿಕ್ವಿಡ್ ಹ್ಯಾಂಡ್‌ವಾಶ್‌ನಲ್ಲಿ ಬಣ್ಣ ಸರಿಯಾಗಿ ತಿರುಗದೇ ಇರಬಹುದು, ಬಟ್ಟೆ ಸೋಪೇ ಇರಲಿ.

ಇನ್ನು ರಾಗಿ. ನನ್ನ ಪ್ರಕಾರ ನಿಮ್ಮ ಪಾಠದ ಜೀವ ಇರುವುದು ಇಲ್ಲೇ. ಮಕ್ಕಳಿಗೆ ನಾವು ಕೊಳಕು, ನೊಣ, ಧೂಳು ಅಂತ ಹೇಳಿ ನಿಲ್ಲಿಸಿಬಿಡುತ್ತೇವೆ, ಗಡಿಯಾರದ ಬಗ್ಗೆ ಹೇಳುವುದೇ ಇಲ್ಲ. ಬಿಸಿ, ತೇವ, ತಿನ್ನಲು ಪಿಷ್ಟ ಎಲ್ಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಮೇಜಿನ ಮೇಲೆ ಒಂದೇ ಒಂದು ರಾಗಿ ಕಾಳು ಇಡಿ, ಅದು ರಾತ್ರಿ ಹತ್ತಕ್ಕೆ ಇದ್ದ ಒಂದು ಬ್ಯಾಕ್ಟೀರಿಯಾ ಅಂದುಕೊಳ್ಳಲಿ. 10.20ಕ್ಕೆ ಎರಡು. ಹನ್ನೊಂದಕ್ಕೆ ಎಂಟು. ರಾತ್ರಿ 1.20ಕ್ಕೆ 1,024, ಅದು ಇನ್ನೂ ಒಂದು ಚಮಚಕ್ಕೂ ಕಮ್ಮಿ. ಬೆಳಗ್ಗೆ ಐದಕ್ಕೆ? ಬೋರ್ಡ್ ಮೇಲೆ ಮಕ್ಕಳೇ ಗುಣಿಸಲಿ. 20,97,152. ಅಂದರೆ ಸುಮಾರು ಐದು ಕೆಜಿ ರಾಗಿ! ಸಾಧ್ಯವಾದರೆ ಐದು ಕೆಜಿಯ ಚೀಲವೊಂದನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದು, ಲೆಕ್ಕ ಮುಗಿದಾಗ ಮೇಲೆತ್ತಿ ತೋರಿಸಿ.

ಈಗ ಕೇಳಿ, ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ತಂದವರು ಎಷ್ಟು ಜನ? ಅರ್ಧ ತರಗತಿ ಕೈ ಎತ್ತುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪಗಳು, ಇರುತ್ತವೆ. ಅನ್ನ ಕುದ್ದರೂ ಅವು ಸಾಯುವುದಿಲ್ಲ. ಅನ್ನ ರಾತ್ರಿಯಿಡೀ ಹೊರಗಿದ್ದರೆ ಮೊಳೆತು ಬೆಳೆಯುತ್ತವೆ, ಬೆಳೆಯುತ್ತಾ ಒಂದು ವಿಷ ಬಿಡುತ್ತವೆ. ಬ್ಯಾಕ್ಟೀರಿಯಾವನ್ನು ಬೆಳಗಿನ ಒಗ್ಗರಣೆ ಕೊಲ್ಲಬಹುದು, ಆದರೆ ಆ ವಿಷ ಕುಕ್ಕರಿನ ಬಿಸಿಗೂ ಜಗ್ಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರು. ‘ಚೆನ್ನಾಗಿ ಬಿಸಿ ಮಾಡಿದರೆ ಸರಿ ಹೋಗುತ್ತೆ’ ಅನ್ನುವ ನಂಬಿಕೆ ನಮ್ಮ ಮನೆಗಳಲ್ಲಿ ತುಂಬಾ ಗಟ್ಟಿ. ಅದನ್ನು ಮೊದಲು ಸಡಿಲ ಮಾಡಬೇಕು.

ಜಾಣ ಮಕ್ಕಳು ಇಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ, ಕೇಳದಿದ್ದರೆ ನೀವೇ ಎಬ್ಬಿಸಿ. ಒಂದು, ‘ಇಡ್ಲಿ ಹಿಟ್ಟೂ ರಾತ್ರಿಯಿಡೀ ಹೊರಗೇ ಇರುತ್ತಲ್ವಾ ಟೀಚರ್?’ ಇರುತ್ತದೆ. ಆದರೆ ಹಿಟ್ಟಿನಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡಿದು ಹುಳಿ ಬರಿಸುತ್ತವೆ, ಆ ಹುಳಿಯಲ್ಲಿ ಕೆಟ್ಟವು ಬೆಳೆಯುವುದು ಕಷ್ಟ. ಮೊಸರಿನ ಕಥೆಯೂ ಅದೇ. ದೂರದ ಪ್ರಯಾಣಕ್ಕೆ ನಮ್ಮ ಹಿರಿಯರು ಪುಳಿಯೋಗರೆ ಕಟ್ಟಿಕೊಡುತ್ತಿದ್ದರಲ್ಲ, ಅಲ್ಲೂ ಹುಣಸೆಹುಳಿ ಕಾವಲು ಕಾಯುತ್ತದೆ. ಹಾಗಂತ ರಾತ್ರಿ ಕೆಟ್ಟ ಅನ್ನಕ್ಕೆ ಬೆಳಗ್ಗೆ ನಿಂಬೆಹಣ್ಣು ಹಿಂಡಿದರೆ ಪ್ರಯೋಜನವಿಲ್ಲ. ವಿಷ ಆಗಲೇ ಸೇರಿರುತ್ತದೆ. ಎರಡನೇ ಪ್ರಶ್ನೆ, ‘ನಾವು ಇಷ್ಟು ವರ್ಷ ತಿಂದಿಲ್ವಾ, ಏನಾಗಿದೆ?’ ಇದಕ್ಕೆ ನಿಜ ಹೇಳಿ. ಪ್ರತಿ ಸಲ ಆಗುವುದಿಲ್ಲ. ಚಳಿಗಾಲದ ರಾತ್ರಿ, ಸ್ವಲ್ಪವೇ ಅನ್ನ, ಬೇಗ ಆರಿದ್ದು, ಹೀಗೆ ಎಷ್ಟೋ ಸಲ ಪಾರಾಗುತ್ತೇವೆ. ಏಪ್ರಿಲ್ ಸೆಕೆಯಲ್ಲಿ ಲೆಕ್ಕ ಬದಲಾಗುತ್ತದೆ.

ನಮ್ಮ ಮನೆಯ ಗೃಹಪ್ರವೇಶದಲ್ಲೇ ಹೀಗಾಯಿತು. ರಾತ್ರಿ ಅರ್ಧ ಕೊಪ್ಪರಿಗೆ ಪಲಾವ್ ಉಳಿಯಿತು. ಇರುವೆ ಬರದಿರಲಿ ಅಂತ ಮುಚ್ಚಳ ಮುಚ್ಚಿ, ಮೇಲೆ ಕಲ್ಲು ಇಟ್ಟು ಮಲಗಿದೆವು. ಬೆಳಗ್ಗೆ ಸೌಟು ಹಾಕಿದರೆ ನಡುವೆ ಇನ್ನೂ ಉಗುರುಬೆಚ್ಚಗಿತ್ತು. ‘ನೋಡು, ಬಿಸಿ ಆರಿಲ್ಲ, ಕೆಟ್ಟಿಲ್ಲ’ ಅಂದರು ನಮ್ಮ ದೊಡ್ಡಮ್ಮ. ವಾಸನೆಯೂ ಇರಲಿಲ್ಲ. ಸಂಜೆಯೊಳಗೆ ಒಂಬತ್ತು ಜನಕ್ಕೆ ಹೊಟ್ಟೆ ನುಲಿತ, ಭೇದಿ. ಆ ಉಗುರುಬೆಚ್ಚಗಿನ ನಡುಭಾಗವೇ ಅಪಾಯದ ಜಾಗ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಅಡುಗೆ ಆ ಮಧ್ಯದಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ.

ಥರ್ಮಾಮೀಟರ್ ಬೇಕಾಗುವುದು ಇದಕ್ಕೇ. ಬಿಸಿಯೂಟದ ಬಿಸಿ ಅನ್ನ ಎರಡು ಪಾಲು ತೆಗೆದುಕೊಳ್ಳಿ. ಒಂದನ್ನು ಆಳವಾದ ಪಾತ್ರೆಗೆ ಹಾಕಿ ಮುಚ್ಚಿ, ಇನ್ನೊಂದನ್ನು ಪರಾತದಲ್ಲಿ ತೆಳ್ಳಗೆ ಹರಡಿ. ಅರ್ಧ ಗಂಟೆಗೊಮ್ಮೆ ಉಷ್ಣತೆ ಅಳೆದು ಮಕ್ಕಳು ಗ್ರಾಫ್ ಹಾಕಲಿ. ಎರಡು ಗೆರೆ ಬೇರೆ ಬೇರೆ ದಾರಿ ಹಿಡಿಯುವುದು ಕಣ್ಣಿಗೇ ಕಾಣುತ್ತದೆ. ಆ ಅನ್ನವನ್ನು ಯಾರೂ ತಿನ್ನಬಾರದು. ಹಳಸಿದ ಅನ್ನವನ್ನು ಮೂಸಿ ನೋಡಿಸುವ ಪ್ರಯೋಗವಂತೂ ಬೇಡವೇ ಬೇಡ. ಮೂಗಿಗೆ ಗೊತ್ತಾಗುವುದಿಲ್ಲ ಅನ್ನುವುದೇ ನಮ್ಮ ಪಾಠ.

ಒಂದು ಎಚ್ಚರ. ಹುಡುಗ ಮನೆಗೆ ಹೋಗಿ ಅಮ್ಮನಿಗೆ ‘ನಿನ್ನ ಚಿತ್ರಾನ್ನ ವಿಷ’ ಅಂದುಬಿಟ್ಟರೆ ಆ ತಾಯಿಗೆ ಎಷ್ಟು ನೋವಾಗುತ್ತದೆ ಯೋಚಿಸಿ. ಐದಕ್ಕೆ ಎದ್ದು ಡಬ್ಬಿ ಕಟ್ಟಿ ಹೊಲಕ್ಕೋ ಗಾರ್ಮೆಂಟ್ಸಿಗೋ ಹೋಗುವವಳು ಆಕೆ. ಹಾಗಾಗಿ ಉಪಾಯವನ್ನೂ ಮಕ್ಕಳ ಕೈಗೆ ಕೊಟ್ಟು ಕಳಿಸಿ. ಫ್ರಿಜ್ ಇರುವ ಮನೆಯಾದರೆ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ, ಆರಿದ ಕೂಡಲೇ ಒಳಗಿಡಲಿ, ಅಡುಗೆಯಾಗಿ ಎರಡು ಗಂಟೆ ದಾಟುವುದು ಬೇಡ. ಫ್ರಿಜ್ ಇಲ್ಲದಿದ್ದರೆ ರಾತ್ರಿ ಅಳತೆ ಕಡಿಮೆ ಮಾಡಿ, ಬೆಳಗ್ಗೆ ಒಂದು ಪಾವು ಅಕ್ಕಿ ಹೊಸದಾಗಿ ಇಡುವುದೇ ಸರಿ. ಅಕ್ಕಿ ತೊಳೆದು ಒಲೆ ಮೇಲಿಡುವ ಕೆಲಸವನ್ನು ಹೈಸ್ಕೂಲು ಓದುವ ಮಗನೇ ಮಾಡಲಿ.

ಪ್ಲಾಸ್ಟಿಕ್ ಅಕ್ಕಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೇಷನ್ ಅಕ್ಕಿಯಲ್ಲಿ, ಬಿಸಿಯೂಟದ ಅಕ್ಕಿಯಲ್ಲಿ ಬೇರೆ ಥರ ಕಾಣುವ, ನೀರಲ್ಲಿ ತೇಲುವ ಕಾಳು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿ, ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸಿದ್ದು. ಅದನ್ನು ಆರಿಸಿ ಎಸೆಯಬಾರದು. ಬದಲಿಗೆ ಗೋಬಿ ಮಂಚೂರಿಯ ಕೆಂಪಿನ ಬಗ್ಗೆ ಮಾತಾಡಿ, ಅದು ನಿಜವಾದ ಸಮಸ್ಯೆ. 2024ರ ಮಾರ್ಚ್ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ಬಣ್ಣವಾದ ರೋಡಮೈನ್-ಬಿ ಸಿಕ್ಕಿತು. ಅದಾದ ಮೇಲೆಯೇ ಸರ್ಕಾರ ಇವೆರಡಕ್ಕೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು.

ನಿಮ್ಮದು ರೈತರ ಊರು, ಹಾಗಾಗಿ ಇದನ್ನು ಹೇಳಲೇಬೇಕು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡಿ 23 ಮಕ್ಕಳು ಸತ್ತರು. ಊಟದಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಇತ್ತು. ಎಣ್ಣೆಯ ಬಗ್ಗೆ ಅಡುಗೆಯಾಕೆಗೆ ಮೊದಲೇ ಅನುಮಾನ ಬಂದಿತ್ತು ಅಂತ ಆಗ ವರದಿಯಾಗಿತ್ತು. ನಿಮ್ಮ ಮಕ್ಕಳ ಮನೆಯಲ್ಲಿ ಇಂಥ ಕೀಟನಾಶಕ ಹೊಡೆದು ಖಾಲಿಯಾದ ಕ್ಯಾನ್ ಏನಾಗುತ್ತದೆ ಅಂತ ಕೇಳಿ ನೋಡಿ. ಹೊಲಕ್ಕೆ ನೀರು ಒಯ್ಯಲು, ಸೀಮೆಎಣ್ಣೆ ಇಡಲು, ಕೆಲವು ಕಡೆ ಅಡುಗೆ ಎಣ್ಣೆಗೂ ಬಳಸುತ್ತಾರೆ. ಎಷ್ಟು ತೊಳೆದರೂ ಅದು ಊಟದ ಪಾತ್ರೆಯಾಗುವುದಿಲ್ಲ. ತೂತು ಮಾಡಿಬಿಡಬೇಕು, ಯಾರೂ ಬಳಸದ ಹಾಗೆ. ಊಟದ ರುಚಿ ಕಹಿ ಅನಿಸಿದರೆ, ವಾಸನೆ ಬೇರೆ ಅನಿಸಿದರೆ, ಉಗಿದು ಎದ್ದು ನಿಂತು ಹೇಳುವ ಧೈರ್ಯವನ್ನೂ ಮಕ್ಕಳಿಗೆ ಕಲಿಸಿ. ಹೇಳಿದವರನ್ನು ಗದರಬೇಡಿ.

ಪ್ರಶ್ನೆ: ಸಾಂಬಾರಿಗೆ ಹಲ್ಲಿ ಬಿದ್ದು ಮಕ್ಕಳು ಅಸ್ವಸ್ಥ ಅಂತ ಪೇಪರ್‌ನಲ್ಲಿ ಆಗಾಗ ಬರುತ್ತದೆ. ಹಲ್ಲಿ ನಿಜಕ್ಕೂ ವಿಷವೇ? ಮಗಳು ಒಂಬತ್ತನೇ ಕ್ಲಾಸು, ಹೆದರಿದ್ದಾಳೆ. (ತುಮಕೂರಿನಿಂದ ಒಬ್ಬ ತಂದೆ)

ಉತ್ತರ: ಮನೆಯ ಹಲ್ಲಿಗೆ ವಿಷ ಇಲ್ಲ. ಆದರೆ ಅದರ ಹೊಟ್ಟೆಯಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಕುದಿಯುವ ಸಾಂಬಾರಿಗೆ ಹಲ್ಲಿ ಬಿದ್ದರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ, ಆರಿದ ಮೇಲೆ ಬಿದ್ದರೆ ಉಳಿದು ಬೆಳೆಯುತ್ತದೆ. ಸಾಲ್ಮೊನೆಲ್ಲಾದಿಂದ ಭೇದಿ, ಜ್ವರ ಬರಲು ಕಡಿಮೆಯೆಂದರೂ ಆರು ಗಂಟೆ ಬೇಕು. ಹಲ್ಲಿ ಕಂಡ ಹತ್ತೇ ನಿಮಿಷಕ್ಕೆ ಇಡೀ ಸಾಲು ವಾಂತಿ ಮಾಡಿದರೆ ಅದರಲ್ಲಿ ಅಸಹ್ಯ, ಹೆದರಿಕೆಯ ಪಾಲು ದೊಡ್ಡದು. ಹಾಗಂತ ಮಕ್ಕಳು ನಾಟಕ ಮಾಡುತ್ತಿದ್ದಾರೆ ಅನ್ನಬೇಡಿ, ಹೊಟ್ಟೆ ತೊಳಸುವುದು ನಿಜವೇ. ಅಡುಗೆ ಪೂರ್ತಿ ಚೆಲ್ಲಬೇಕು, ಹಲ್ಲಿ ತೆಗೆದು ಬಡಿಸುವುದು ತಪ್ಪು. ತಿಂದವರಿಗೆ ವಾಂತಿ ಭೇದಿಯಾದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಗು ಮಂಕಾದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯದೇ 108ಕ್ಕೆ ಫೋನ್ ಮಾಡಿ. ನಿಮ್ಮ ಮಗಳಿಗೆ ಹೇಳಿ, ಅಡುಗೆಮನೆಯಲ್ಲಿ ಪಾತ್ರೆಗೆ ಮುಚ್ಚಳ ಇದೆಯಾ ಅಂತ ನಾಳೆ ಒಮ್ಮೆ ಇಣುಕಿ ನೋಡಲಿ, ಇಲ್ಲದಿದ್ದರೆ ಅಡುಗೆಯ ಅಕ್ಕನಿಗೋ ಮೇಷ್ಟ್ರಿಗೋ ತಿಳಿಸಲಿ.