ಸಣ್ಣ ಊರು ಉಳಿಯುತ್ತಾ? ಶಿಡ್ಲಘಟ್ಟದ ರೇಷ್ಮೆ ನೋಡಿ ಹೇಳ್ತೀನಿ

ಎಲ್ಲ ಕಡೆ ಒಂದೇ ಥರದ ಅಂಗಡಿ, ಒಂದೇ ಥರದ ಮಾಲು ತುಂಬಿರುವಾಗ ಸಣ್ಣ ಊರೊಂದು ತನ್ನದು ಅನ್ನೋದನ್ನು ಉಳಿಸಿಕೊಳ್ಳೋಕೆ ಆಗುತ್ತಾ, ಅಥವಾ ಅದು ಬರೀ ಅಭಿಮಾನದ ಮಾತಾ ಅಂತ ಕೇಳಿದ್ದೀರಿ.

ಆಗುತ್ತೆ. ಆದರೆ ಅಭಿಮಾನ ಒಂದೇ ಸಾಲದು. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನವನು, ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹಾಗಾಗಿ ನಮ್ಮ ಊರಿನ ಮಾತನ್ನೇ ಹೇಳುತ್ತೇನೆ.

ಮೊದಲನೆಯದಾಗಿ, ರೇಷ್ಮೆ ಇಲ್ಲಿಗೆ ಬಂದಿದ್ದೇ ಹೊರಗಿನಿಂದ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂತು. 1890ರ ದಶಕದಲ್ಲಿ ಜಮ್‌ಷೆಡ್‌ಜಿ ಟಾಟಾ ಅವರು ಜಪಾನಿನವರ ನೆರವು ಪಡೆದು ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಶುರು ಮಾಡಿದರು. ಈಗ ನಾವು ಬೆಳೆಯುವ ಹಳದಿ ಗೂಡನ್ನೇ ನೋಡಿ, ಅಂದರೆ ಹುಳು ತನ್ನ ಸುತ್ತ ರೇಷ್ಮೆ ಎಳೆಯಿಂದ ಕಟ್ಟಿಕೊಳ್ಳುವ ಗೂಡು. ಆ ಹುಳುವಿಗೆ ತಾಯಿ ನಮ್ಮ ಮೈಸೂರು ತಳಿ. ತಂದೆ ಸಿಎಸ್‌ಆರ್‌-2 ಅನ್ನೋ ತಳಿ. ಇದು ಜಪಾನಿನ ತಳಿಗಳಿಂದ ಮೈಸೂರಿನ ಸಂಶೋಧನಾ ಸಂಸ್ಥೆಯವರು ಬೆಳೆಸಿದ್ದು. ಹೊರಗಿನದು ಬರಬಾರದು ಅಂತ ಬಾಗಿಲು ಹಾಕಿಕೊಂಡಿದ್ದರೆ ನಮಗೆ ಈ ಕಸುಬೇ ಇರುತ್ತಿರಲಿಲ್ಲ, ಅಲ್ವಾ?

ಹಾಗಾದರೆ ಊರನ್ನು ಹಿಡಿದಿಟ್ಟಿರೋದು ಏನು? ನನ್ನ ಪ್ರಕಾರ ಸರ್ಕಾರಿ ಗೂಡಿನ ಮಾರುಕಟ್ಟೆ. ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ, ಹಣ್ಣಾಗಿ ಅಂದರೆ ಗೂಡು ಕಟ್ಟೋಕೆ ಸಿದ್ಧವಾಗಿ, ಚಂದ್ರಿಕೆ ಅನ್ನೋ ಬಿದಿರಿನ ತಟ್ಟೆ ಮೇಲೆ ಗೂಡು ಕಟ್ಟಿದ ಮೇಲೆ ಅದು ರೈತನ ಹತ್ತಿರ ಜಾಸ್ತಿ ದಿನ ಇರೋದಿಲ್ಲ. ತಡ ಮಾಡಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಆಚೆ ಬರುತ್ತೆ. ಆಮೇಲೆ ಆ ಗೂಡಿನಿಂದ ಉದ್ದ ನೂಲು ತೆಗೆಯೋಕಾಗಲ್ಲ. ಅಂದರೆ ರೈತನಿಗೆ ಚೌಕಾಸಿ ಮಾಡೋಕೆ ಟೈಮೇ ಇಲ್ಲ. ಒಬ್ಬನೇ ವ್ಯಾಪಾರಿ ಹೊಲದ ಹತ್ತಿರ ಬಂದು ಬೆಲೆ ಹೇಳಿದರೆ ಕೊಟ್ಟುಬಿಡಬೇಕು. 1959ರಲ್ಲಿ ಬಂದ ರಾಜ್ಯದ ಕಾಯ್ದೆಯ ಬಲದಿಂದ ಈ ವ್ಯಾಪಾರ ಸರ್ಕಾರಿ ಮಾರುಕಟ್ಟೆಗೆ, ಎಲ್ಲರ ಕಣ್ಣೆದುರಿನ ಹರಾಜಿಗೆ ಬಂತು.

ಬೆಳಿಗ್ಗೆ ಹೋದರೆ ನೋಡಬಹುದು. ಸಾಲಾಗಿ ಸುರಿದ ಗೂಡಿನ ಮುಂದೆ ರೀಲರ್‌ಗಳು, ಅಂದರೆ ಗೂಡು ಕೊಂಡು ನೂಲು ತೆಗೆಸುವವರು, ಬಂದು ನಿಲ್ಲುತ್ತಾರೆ. ಒಂದು ಹಿಡಿ ಎತ್ತಿ ಅಮುಕಿ ನೋಡುತ್ತಾರೆ, ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಟ್ಟಿಯಾಗಿ ಸದ್ದು ಮಾಡಿದರೆ ಗೂಡು ಬಲಿತಿದೆ ಅಂತ. ರೈತರು ತೆಲುಗಿನಲ್ಲಿ ಶುರು ಮಾಡಿದ ಮಾತು ಉರ್ದುವಿಗೆ ಹೋಗಿ ಕನ್ನಡದಲ್ಲಿ ಮುಗಿಯುತ್ತೆ. ಮೊದಲು ಕೂಗಿ ಹರಾಜು ಮಾಡುತ್ತಿದ್ದರು, ಈಗ ಬಿಡ್ಡು ಮೊಬೈಲಿನಲ್ಲಿ. ಸುತ್ತ ಚಾಕಿ ಹುಳು (ಎಳೆಯ ಮರಿ ಹುಳು) ಕೊಡುವವರು, ಚಂದ್ರಿಕೆ ಬಾಡಿಗೆಗೆ ಕೊಡುವವರು, ಗೂಡು ಸಾಗಿಸುವ ಟೆಂಪೋದವರು, ನೂಲು ತೆಗೆಯುವ ಮನೆಗಳು, ಕೊನೆಗೆ ನೂಲು ತೆಗೆದ ಮೇಲೆ ಉಳಿದ ಹುಳುವನ್ನೂ ಕೊಳ್ಳುವವರು. ನೂಲು ರೇಷ್ಮೆ ಸೀರೆ ನೇಯುವ ಕಂಚಿ, ಧರ್ಮಾವರಂ ಕಡೆಗೆ ಹೋಗುತ್ತೆ.

ಇಷ್ಟೆಲ್ಲ ಇದ್ದರೂ ಪೆಟ್ಟು ಬಿದ್ದಿದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು. ರೈತರು ಬೀದಿಗಿಳಿದರು, ಎಷ್ಟೋ ಜನ ಹುಳು ತಿನ್ನುವ ಸೊಪ್ಪಿನ ಹಿಪ್ಪುನೇರಳೆ ಗಿಡವನ್ನೇ ಕಿತ್ತು ಹಾಕಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ನಮ್ಮ ಹೊಲದಲ್ಲಿ ಬೆಳೆ ಬದಲಾಗುತ್ತೆ, ಇದನ್ನು ಮರೆಯಬಾರದು. ಗಿಡ ಉಳಿಸಿಕೊಂಡವರು ಯಾಕೆ ಉಳಿಸಿಕೊಂಡರು? ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಪಾತಾಳಕ್ಕಿಳಿದ ಸೀಮೆ ಇದು. ಡ್ರಿಪ್ ಹಾಕಿದರೆ ಕಡಿಮೆ ನೀರಿನಲ್ಲೂ ಹಿಪ್ಪುನೇರಳೆ ಬರುತ್ತೆ. ವರ್ಷಕ್ಕೆ ಹಲವು ಬೆಳೆ ತೆಗೆಯಬಹುದು. ಗೂಡು ತೆಗೆದುಕೊಂಡು ಹೋದರೆ ಕೊಳ್ಳೋರು ಇದ್ದೇ ಇರುತ್ತಾರೆ.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ನೂಲು ತೆಗೆಯುವ ಮನೆಗಳಲ್ಲಿ ಮಕ್ಕಳನ್ನು ದುಡಿಸುತ್ತಿದ್ದ ಕಾಲ ಇತ್ತು. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಹೆಂಗಸರ ಬೆರಳು ಬೆಂದಂತಾಗುತ್ತಿತ್ತು. ಈಗ ಬರುತ್ತಿರುವ ಆಟೋಮ್ಯಾಟಿಕ್ ರೀಲಿಂಗ್ ಯಂತ್ರಗಳಲ್ಲಿ ಎಷ್ಟೋ ಚೀನಾದವೇ. ಆ ಕೈಗಳಿಗೆ ಬಿಡುಗಡೆ ಸಿಗುವುದಾದರೆ ಬರಲಿ. ನನಗೆ ಚಿಂತೆ ಇರೋದು ಬೇರೆ ಕಡೆ. ದೊಡ್ಡ ಯಂತ್ರ ಇಟ್ಟವರಿಗೆ ದಿನಾ ರಾಶಿ ರಾಶಿ ಗೂಡು ಬೇಕು. ಅವರು ಮಾರುಕಟ್ಟೆ ಬಿಟ್ಟು ನೇರವಾಗಿ ರೈತರ ಮನೆಯಿಂದಲೇ ಕೊಳ್ಳೋಕೆ ಶುರು ಮಾಡಿದರೆ ಮೊದಮೊದಲು ನಾಲ್ಕು ಕಾಸು ಜಾಸ್ತಿಯೇ ಸಿಗಬಹುದು. ಆದರೆ ಹರಾಜಿನಲ್ಲಿ ನಿಲ್ಲುವ ಚಿಕ್ಕ ರೀಲರ್ ಒಮ್ಮೆ ಮುಗಿದುಹೋದರೆ, ಆಮೇಲೆ ಬೆಲೆ ಹೇಳೋನು ಒಬ್ಬನೇ.

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಅಲ್ಲಿ ಬೆಳೆಯುವ ಅಥವಾ ಮಾಡುವ ಮಾಲು ಎಲ್ಲಿ ಮಾರಾಟ ಆಗುತ್ತೆ, ಎಷ್ಟು ಜನ ಕೊಳ್ಳೋರು ಎದುರು ಬದುರು ನಿಂತು ಬೆಲೆ ಕೂಗುತ್ತಾರೆ, ದುಡ್ಡು ಎಷ್ಟು ದಿನಕ್ಕೆ ಕೈಸೇರುತ್ತೆ, ಇಷ್ಟು ವಿಚಾರಿಸಿ ಇಲ್ಲೇ ಬರೆಯಿರಿ. ಅದನ್ನು ನೋಡಿ ಇನ್ನಷ್ಟು ಹೇಳಬಹುದು.