ಫೋನಿಗೆ ಡ್ಯಾಕ್ ಹಾಕಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತಾ?

ಹೊಸ ಫೋನಲ್ಲಿ ಹೆಡ್‌ಫೋನ್ ತೂತು ಇಲ್ಲ, ಎರಡು ಮೂರು ಸಾವಿರ ಕೊಟ್ಟು ಸಣ್ಣ ಡ್ಯಾಕ್ (ಫೋನಿನ ಚಾರ್ಜಿಂಗ್ ತೂತಿಗೆ ಸಿಕ್ಕಿಸಿ, ಅದಕ್ಕೆ ಹೆಡ್‌ಫೋನ್ ಹಾಕಿ ಹಾಡು ಕೇಳುವ ಸಾಧನ) ತಗೊಂಡರೆ ಕೇಳಿದ ತಕ್ಷಣ ವ್ಯತ್ಯಾಸ ತಿಳಿಯುತ್ತಾ, ಇಲ್ಲ ಸುಮ್ನೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ನಾನು ಒಂದು ತಗೊಂಡು ಹನ್ನೊಂದು ದಿನ ಆಯಿತು. ವ್ಯತ್ಯಾಸ ತಿಳಿಯುತ್ತದೆ, ಆದರೆ ತಕ್ಷಣ ಅಲ್ಲ. ನನಗೆ ತಿಳಿದದ್ದು ನಾಲ್ಕನೇ ದಿನ, ಅದೂ ಮಳೆ ನಿಂತ ಮೇಲೆ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಹಂಚಿನ ಮಾಡು, ಮುಂದಿನ ಅಂಗಳಕ್ಕೆ ತಗಡು. ಜುಲೈ ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಡ್ಯಾಕ್ ಬಂದ ಸಂಜೆ ಅಂಥದ್ದೇ ಮಳೆ. ಆಸೆಯಿಂದ ಸಿಕ್ಕಿಸಿದೆ. ಹೆಡ್‌ಫೋನ್ ಸಿಕ್ಕಿಸಲು ಮೊದಲು ಬಳಸುತ್ತಿದ್ದ ಹಳೆಯ ಅಡಾಪ್ಟರಿಗಿಂತ ಜೋರಾಗಿ ಕೇಳಿಸಿತು, ಅದನ್ನೇ 'ಚೆನ್ನಾಗಿದೆ' ಅಂದುಕೊಂಡು ಎರಡು ದಿನ ಖುಷಿಪಟ್ಟೆ. ನೀವು ಹುಷಾರಾಗಿರಬೇಕಾದ್ದು ಇಲ್ಲೇ. ಸ್ವಲ್ಪ ಜೋರು ಕೇಳಿದ್ದೆಲ್ಲ ನಮ್ಮ ಕಿವಿಗೆ ಒಳ್ಳೆಯದು ಅನಿಸುತ್ತದೆ. ಹೋಲಿಸುವಾಗ ಎರಡರ ವಾಲ್ಯೂಮನ್ನೂ ಒಂದೇ ಮಟ್ಟಕ್ಕೆ ತರಲೇಬೇಕು, ಇಲ್ಲದಿದ್ದರೆ ಆ ಹೋಲಿಕೆಗೆ ಬೆಲೆಯೇ ಇಲ್ಲ.

ನಾಲ್ಕನೇ ರಾತ್ರಿ ಹತ್ತರ ಹೊತ್ತಿಗೆ ಮಳೆ ಬಿಟ್ಟಿತು. ಸೂರಂಚಿನಿಂದ ಹನಿ ಬೀಳುವುದು ಬಿಟ್ಟರೆ ಬೇರೆ ಸದ್ದಿಲ್ಲ. ಫೋನಿಗೆ ಹಾಕಿಕೊಂಡಿದ್ದ ಒಂದು ಯಕ್ಷಗಾನದ ರೆಕಾರ್ಡಿಂಗ್ ಹಚ್ಚಿದೆ. ಭಾಗವತರು ಪದ್ಯ ಎತ್ತುವ ಮೊದಲು ಒಂದಷ್ಟು ಹೊತ್ತು ಬರೀ ಶ್ರುತಿ ಇದೆ. ಹಳೆಯ ಅಡಾಪ್ಟರಿನಲ್ಲಿ ಆ ಶ್ರುತಿಯ ಕೆಳಗೆ ಸಣ್ಣಗೆ 'ಸೊಂಯ್' ಅಂತ ಒಂದು ಸದ್ದು ಇರುತ್ತಿತ್ತು. ಅದು ರೆಕಾರ್ಡಿಂಗ್‌ನದ್ದೇ ಅಂತ ಇಷ್ಟು ದಿನ ನಂಬಿದ್ದೆ. ಡ್ಯಾಕ್‌ನಲ್ಲಿ ಅದು ಇಲ್ಲ! ಶ್ರುತಿ ಮಾತ್ರ ಇದೆ, ಅದರ ಹಿಂದೆ ಏನೂ ಇಲ್ಲ. ಆಮೇಲೆ ಭಾಗವತರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಚಂಡೆಯ ಪೆಟ್ಟು ಬಿದ್ದ ಮೇಲೆ ಅದರ ನಾದ ಹೇಗೆ ಸಣ್ಣದಾಗಿ ಹೋಗಿ ನಿಲ್ಲುತ್ತದೆ ಅಂತ ಕೊನೆಯವರೆಗೂ ಕೇಳಬಹುದಿತ್ತು, ಮೊದಲು ಆ ಕೊನೆಯ ತುಣುಕು ಸೊಂಯ್ ಒಳಗೆ ಮುಳುಗಿ ಹೋಗುತ್ತಿತ್ತು. ವಾಲ್ಯೂಮ್ ಸರಿ ಮಾಡಿಕೊಂಡು ಐದಾರು ಸಲ ಅದಲು ಬದಲು ಮಾಡಿ ಕೇಳಿದೆ. ಪ್ರತಿ ಸಲವೂ ಹಾಗೇ. ಹನ್ನೆರಡು ದಾಟಿದರೂ ಮಲಗಲು ಮನಸ್ಸಾಗಲಿಲ್ಲ.

ಅಂದರೆ ಡ್ಯಾಕ್ ಏನನ್ನೂ ಹೊಸದಾಗಿ ಸೇರಿಸಲಿಲ್ಲ, ಅಡ್ಡ ಇದ್ದದ್ದನ್ನು ತೆಗೆಯಿತು. ಫೈಲಿನಲ್ಲಿ ಇರುವುದು ಬರೀ ಅಂಕಿಗಳು, ಸಿಡಿ ಗುಣಮಟ್ಟದಲ್ಲಾದರೆ ಒಂದು ಸೆಕೆಂಡಿಗೆ ಒಂದು ಕಿವಿಗೆ 44,100. ಆ ಅಂಕಿಗಳನ್ನು ಕರೆಂಟಿನ ಏರಿಳಿತ ಮಾಡುವುದು ಡ್ಯಾಕ್, ಅದಕ್ಕೆ ಬಲ ಕೊಟ್ಟು ಹೆಡ್‌ಫೋನಿಗೆ ಕಳಿಸುವುದು ಪಕ್ಕದಲ್ಲೇ ಇರುವ ಪುಟ್ಟ ಆಂಪ್. ನೂರೈವತ್ತು ರೂಪಾಯಿಯ ಅಡಾಪ್ಟರ್ ಒಳಗೂ ಸಾಮಾನ್ಯವಾಗಿ ಇವೆರಡು ಇರುತ್ತವೆ, ಗುಣಮಟ್ಟ ಮಾತ್ರ ಬೇರೆ. ಕೆಲವು ಅಡಾಪ್ಟರಿನಲ್ಲಿ ಚಿಪ್ಪೇ ಇರುವುದಿಲ್ಲ, ಬರೀ ವಯರು. ಅಂಥದ್ದು ನಿಮ್ಮ ಫೋನಿಗೆ ಹಾಕಿದರೆ ಸದ್ದೇ ಬರದೆ ಇರಬಹುದು, ನೋಡಿ ತಗೊಳ್ಳಿ.

ಎಲ್ಲದರಲ್ಲೂ ಇಷ್ಟು ವ್ಯತ್ಯಾಸ ಇಲ್ಲ. ಯೂಟ್ಯೂಬ್‌ನಲ್ಲಿ ಯಾರೋ ಕ್ಯಾಸೆಟ್‌ನಿಂದ ಏರಿಸಿದ ಹಳೆಯ ಭಾವಗೀತೆ ಮೊದಲಿನ ಹಾಗೇ ಇದೆ. ಶಿವಮೊಗ್ಗ ಬಸ್ಸಿನಲ್ಲಿ ಕೇಳಿದೆ, ಮಂಡಗದ್ದೆ ದಾಟಿ ಗಾಜನೂರು ಬರುವವರೆಗೂ ಇಂಜಿನ್ ಗದ್ದಲದಲ್ಲಿ ಯಾವ ಅಡಾಪ್ಟರ್ ಹಾಕಿದ್ದೀನಿ ಅಂತಲೇ ತಿಳಿಯಲಿಲ್ಲ. ನೀವು ಬಸ್ಸಿನಲ್ಲೇ ಜಾಸ್ತಿ ಕೇಳುವವರಾದರೆ ಆ ದುಡ್ಡಿಗೆ ಕಿವಿಯೊಳಗೆ ಗಟ್ಟಿಯಾಗಿ ಕೂರುವ ಒಳ್ಳೆಯ ಇಯರ್‌ಫೋನ್ ತಗೊಳ್ಳಿ.

ಹೆಡ್‌ಫೋನ್ ಯಾವುದು ಅನ್ನುವುದೂ ಮುಖ್ಯ. 16 ಅಥವಾ 32 ಓಮ್‌ನ (ಓಮ್ ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸಾಮಾನ್ಯ ಇಯರ್‌ಫೋನಿಗೆ ಆಪಲ್‌ನ ಪುಟ್ಟ ಯುಎಸ್‌ಬಿ-ಸಿ ಅಡಾಪ್ಟರಿನಂಥದ್ದೂ ಸಾಕು, ಅದೂ ಡ್ಯಾಕೇ. 300 ಓಮ್‌ನ ದೊಡ್ಡ ಹೆಡ್‌ಫೋನ್ ಇದ್ದರೆ ಮಾತ್ರ ಸುಮಾರು 2 ವೋಲ್ಟ್ ಕೊಡುವ ಡ್ಯಾಕ್ ಹುಡುಕಿ. ಹಾಗಂತ ಬಲ ಜಾಸ್ತಿ ಇರುವುದನ್ನು ಸೂಕ್ಷ್ಮವಾದ ಇಯರ್‌ಫೋನಿಗೆ ಹಾಕಿದರೆ ವಾಲ್ಯೂಮಿನ ಮೊದಲ ಮೆಟ್ಟಿಲೇ ಕಿವಿಗೆ ಹೊಡೆಯುತ್ತದೆ. ನನ್ನದರ ಮೇಲೆ ಬೇರೆ ವಾಲ್ಯೂಮ್ ಗುಂಡಿ ಇದೆ, ಅದು ತುಂಬ ಉಪಯೋಗಕ್ಕೆ ಬಂತು.

384 ಕಿಲೋಹರ್ಟ್ಜ್ (ಸೆಕೆಂಡಿಗೆ 3,84,000 ಅಂಕಿ), 32 ಬಿಟ್ (ಒಂದೊಂದು ಅಂಕಿ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲ ಸದ್ದನ್ನೂ ಬೆರೆಸಿ 48 ಕಿಲೋಹರ್ಟ್ಜ್‌ಗೆ ಬದಲಾಯಿಸಿ ಕಳಿಸುತ್ತದೆ. 2023ರ ಆಂಡ್ರಾಯ್ಡ್ 14ರಿಂದ ಹಾಗೆ ಬದಲಾಯಿಸದೆ ಕಳಿಸುವ ದಾರಿ ಬಂದಿದೆ, ಆದರೆ ಫೋನೂ ಆ್ಯಪೂ ಎರಡೂ ಅದಕ್ಕೆ ಒಪ್ಪಬೇಕು. ಅದು ಇಲ್ಲದೆಯೂ ಆ ರಾತ್ರಿ ನನಗೆ ಕೇಳಬೇಕಾದ್ದೆಲ್ಲ ಕೇಳಿಸಿತು.

ತೊಂದರೆಗಳೂ ಇವೆ. ನನ್ನ ಫೋನಲ್ಲಿ ಒಂದೇ ತೂತು, ಹಾಡು ಕೇಳುತ್ತಾ ಚಾರ್ಜ್ ಆಗುವುದಿಲ್ಲ, ಡ್ಯಾಕ್ ಕೂಡ ಫೋನಿನ ಬ್ಯಾಟರಿಯನ್ನೇ ತಿನ್ನುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎರಡು ದಿನ ಹೋದರೂ ಹೋಯಿತು, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಕೆಲವು ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ (ಫೋನಿಗೆ ಬೇರೆ ಸಾಧನ ಸಿಕ್ಕಿಸಲು ಬಿಡುವ ಸೌಲಭ್ಯ) ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ತಾನೇ ಆಫ್ ಆಗುತ್ತದೆ. 'ಡ್ಯಾಕ್ ಕೆಟ್ಟಿದೆ' ಅಂತ ವಾಪಸ್ ಕಳಿಸುವ ಮೊದಲು ಅದನ್ನು ನೋಡಿ.

ನಿಮ್ಮದೂ ಮಲೆನಾಡಾದರೆ ಇನ್ನೊಂದು ಮಾತು. ಇಲ್ಲಿಯ ಥಂಡಿಗೆ ಪಿನ್ನು ಕಿಲುಬು ಹಿಡಿಯುತ್ತದೆ, ಒಂದು ಕಿವಿ ಕರಕರ ಅನ್ನಲು ಶುರುವಾಗುತ್ತದೆ. ಹಳೆಯ ಇಯರ್‌ಫೋನ್ ಒಂದು ನನಗೆ ಹಾಗೇ ಹೋಯಿತು. ಈಗ ಡ್ಯಾಕನ್ನು ಮುಚ್ಚಳ ಗಟ್ಟಿ ಇರುವ ಸಣ್ಣ ಡಬ್ಬಿಯಲ್ಲಿ, ಹೊಸ ಚಪ್ಪಲಿ ಜೊತೆ ಬಂದ ಎರಡು ಸಿಲಿಕಾ ಪೊಟ್ಟಣ ಹಾಕಿ ಇಟ್ಟಿದ್ದೇನೆ. ನಿಮ್ಮ ಹೆಡ್‌ಫೋನ್ ಎಷ್ಟು ಓಮ್‌ನದ್ದು ಅಂತ ಬರೆದರೆ ಎಷ್ಟು ವೋಲ್ಟ್ ಬೇಕಾಗಬಹುದು ಅಂತ ಹೇಳುತ್ತೇನೆ.