ಓದುಗರ ಪ್ರಶ್ನೆ, ನಮ್ಮ ಉತ್ತರ: ಚೆರ್ರಿ ಲಿಕ್ಯೂರ್‌ಗೆ ಬೇಕಾದದ್ದು ಹುಳಿ ಮತ್ತು ಒಂದಿಷ್ಟು ಲೆಕ್ಕ

ಚೆರ್ರಿ ಹಣ್ಣಿನ ಕಾಲವಾದ್ದರಿಂದ, ಹಣ್ಣನ್ನು ಮದ್ಯದಲ್ಲಿ ನೆನೆಹಾಕಿ ಸಿಹಿ ಪಾನೀಯ ತಯಾರಿಸುವ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಇದು ವಯಸ್ಕರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಪ್ರಶ್ನೆ: ಪೋರ್ಚುಗಲ್‌ಗೆ ಹೋಗಿದ್ದ ನಮ್ಮ ಮಗಳು ಅಲ್ಲಿ ಪುಟ್ಟ ಲೋಟಗಳಲ್ಲಿ ಕೊಡುವ ಚೆರ್ರಿ ಲಿಕ್ಯೂರ್ ಅನ್ನು ಬಹಳ ಹೊಗಳುತ್ತಾಳೆ. ದೇವರಾಜ ಮಾರುಕಟ್ಟೆಯಲ್ಲಿ ಈಗ ಕಾಶ್ಮೀರದ ಚೆರ್ರಿ ಸಿಗುತ್ತಿದೆ. ಅದರಿಂದ ಮನೆಯಲ್ಲಿಯೇ ಮಾಡಬಹುದೇ? ಪ್ರಮಾಣವನ್ನೂ ತಿಳಿಸಿ.
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಮಾಡಬಹುದು, ಆದರೆ ಒಂದು ವ್ಯತ್ಯಾಸವನ್ನು ಮೊದಲೇ ಗಮನಿಸಬೇಕು. ನಿಮ್ಮ ಮಗಳು ಸವಿದಿರುವುದು ‘ಜಿಂಜಿನ್ಯಾ’ ಎಂಬ ಪಾನೀಯವಾಗಿರಬೇಕು. ಅದಕ್ಕೆ ಬಳಸುವುದು ಹುಳಿ ಚೆರ್ರಿ. ರುಮೇನಿಯಾ ಮತ್ತು ಪೋಲೆಂಡ್ ದೇಶಗಳ ಮನೆಗಳಲ್ಲಿ ತಯಾರಾಗುವ ಚೆರ್ರಿ ಲಿಕ್ಯೂರ್‌ಗಳಿಗೂ ಅದೇ ಹಣ್ಣು ಆಧಾರ. ಕಾಶ್ಮೀರ, ಹಿಮಾಚಲ ಪ್ರದೇಶಗಳಿಂದ ಮೇ ಮಧ್ಯದಿಂದ ಜುಲೈವರೆಗೆ ನಮ್ಮಲ್ಲಿಗೆ ಬರುವುದಾದರೋ ಸಿಹಿ ಚೆರ್ರಿ. ಎರಡೂ ಒಂದೇ ಕುಲದವಾದರೂ ಬೇರೆ ಬೇರೆ ಜಾತಿಯ ಮರಗಳ ಹಣ್ಣುಗಳು. ಸಿಹಿ ಚೆರ್ರಿಯನ್ನು ಹಾಗೆಯೇ ನೆನೆಹಾಕಿ ಸಕ್ಕರೆ ಸೇರಿಸಿದರೆ ಬಣ್ಣ ಚೆನ್ನಾಗಿ ಬರುತ್ತದೆ, ರುಚಿ ಮಾತ್ರ ಕೆಮ್ಮಿನ ಸಿರಪ್ಪಿನ ಹತ್ತಿರ ಹೋಗುತ್ತದೆ. ಹುಳಿಯನ್ನು ನಾವೇ ಸೇರಿಸಿಕೊಳ್ಳಬೇಕು.

ಅರ್ಧ ಕಿಲೋ ಚೆರ್ರಿ, 750 ಮಿಲಿಲೀಟರಿನ ಒಂದು ಬಾಟಲಿ ವೋಡ್ಕಾ, 200 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ, ಹೆಬ್ಬೆರಳಿನುದ್ದದ ಒಂದು ಚೂರು ಚಕ್ಕೆ ಸಾಕು. ಹಳದಿ ಮಿಶ್ರಿತ ಕೆಂಪು ಹಣ್ಣಿಗಿಂತ ಕಪ್ಪಗೆ ಕಾಣುವಷ್ಟು ಕಡುಗೆಂಪಾದವು ಉತ್ತಮ. ತೊಳೆದ ಹಣ್ಣನ್ನು ಬಟ್ಟೆಯ ಮೇಲೆ ಹರವಿ ನೀರಿನ ಪಸೆ ಪೂರ್ತಿ ಆರುವವರೆಗೆ ಬಿಡಿ. ಬೀಜ ತೆಗೆಯಲು ಒಂದು ಸುಲಭ ಉಪಾಯವಿದೆ: ತೊಟ್ಟು ಕಿತ್ತ ಹಣ್ಣನ್ನು ಖಾಲಿ ಬಾಟಲಿಯ ಬಾಯಿಯ ಮೇಲೆ ಕೂರಿಸಿ, ತೊಟ್ಟಿದ್ದ ಜಾಗದಿಂದ ಸ್ಟೀಲಿನ ಸ್ಟ್ರಾ ಒಂದನ್ನು ಒತ್ತಿದರೆ ಬೀಜ ಬಾಟಲಿಯೊಳಗೆ ಬೀಳುತ್ತದೆ, ಹಣ್ಣು ಮೇಲೆಯೇ ಉಳಿಯುತ್ತದೆ. ರಸ ಸಿಡಿದು ಆಗುವ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗದು. ಹಳೆಯ ಸೀರೆಯನ್ನೋ ಅಂಗಿಯನ್ನೋ ಉಟ್ಟು ಕುಳಿತುಕೊಳ್ಳುವುದು ಒಳ್ಳೆಯದು.

ಬೀಜ ತೆಗೆದ ಹಣ್ಣನ್ನು ಬಿಗಿಯಾದ ಮುಚ್ಚಳವಿರುವ ಗಾಜಿನ ಜಾಡಿಗೆ ತುಂಬಿ, ಪೂರ್ತಿ ಮುಳುಗುವಂತೆ ವೋಡ್ಕಾ ಸುರಿದು, ಕತ್ತಲೆಯ ಕಪಾಟಿನಲ್ಲಿ ನಾಲ್ಕರಿಂದ ಆರು ವಾರ ಇಡಿ. ಬೆಳಕು ಮತ್ತು ಶಾಖ ಚೆರ್ರಿಯ ಕೆಂಪನ್ನು ಕಂದಾಗಿಸುತ್ತವೆ. ಆದ್ದರಿಂದ ಜಾಡಿ ನೋಡಲು ಅಂದವಾಗಿದೆಯೆಂದು ಕಿಟಕಿಯ ಬಳಿ ಇಡುವುದು ಬೇಡ. ಮೊದಲ ವಾರ ದಿನಕ್ಕೊಮ್ಮೆ ಜಾಡಿಯನ್ನು ಓರೆ ಮಾಡಿ ತಿರುಗಿಸಿದರೆ ಮೇಲೆ ತೇಲುವ ಹಣ್ಣೂ ನೆನೆಯುತ್ತದೆ. ಚಕ್ಕೆಯನ್ನು ಕೊನೆಯ ವಾರ ಹಾಕಿ ತೆಗೆದುಬಿಡಿ. ಏಲಕ್ಕಿ ಹಾಕಬೇಕೆಂಬ ಆಸೆ ನಮ್ಮವರಿಗೆ ಸಹಜವಾದರೂ, ಹಾಕಿದರೆ ಚೆರ್ರಿಯ ಪರಿಮಳ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಆನಂತರ ಮದ್ಯವನ್ನು ಬೇರೊಂದು ಬಾಟಲಿಗೆ ಸೋಸಿಕೊಂಡು, ಜಾಡಿಯಲ್ಲಿ ಉಳಿದ ಹಣ್ಣಿನ ಮೇಲೆ ಸಕ್ಕರೆ ಸುರಿದು ಮುಚ್ಚಿಡಬೇಕು. ಹಣ್ಣು ಹೀರಿಕೊಂಡಿದ್ದ ಮದ್ಯ ಮತ್ತು ರಸವನ್ನು ಸಕ್ಕರೆ ಹೊರಗೆಳೆಯುತ್ತದೆ. ದಿನವೂ ಅಲುಗಿಸುತ್ತಿದ್ದರೆ ಒಂದು ವಾರ, ಹತ್ತು ದಿನಗಳಲ್ಲಿ ಹಣ್ಣು ಸುಕ್ಕುಗಟ್ಟಿ, ತಳದಲ್ಲಿ ಗಾಢವಾದ ಪಾಕ ನಿಲ್ಲುತ್ತದೆ. ಈ ಪಾಕವನ್ನೂ ಸೋಸಿದ ನಿಂಬೆರಸವನ್ನೂ ಮೊದಲು ತೆಗೆದಿಟ್ಟ ಮದ್ಯಕ್ಕೆ ಬೆರೆಸಿ, ಕನಿಷ್ಠ ಎರಡು ತಿಂಗಳು ಮುಟ್ಟದೆ ಇಡಿ. ಜೂನ್‌ನಲ್ಲಿ ಆರಂಭಿಸಿದರೆ ದಸರೆಯ ಹೊತ್ತಿಗೆ ಹದವಾಗಿರುತ್ತದೆ.

ಪ್ರಶ್ನೆ: ಚೆರ್ರಿಗೆ ಮೊದಲು ಸಕ್ಕರೆ ಬೆರೆಸಿ ಕೆಲವು ದಿನ ಇಟ್ಟು, ಆಮೇಲೆ ಮದ್ಯ ಸೇರಿಸಬೇಕೆಂದು ಓದಿ ಹಾಗೆಯೇ ಮಾಡಿದೆ. ಮೂರನೆಯ ದಿನಕ್ಕೆ ನೊರೆ ಬಂದು, ಮುಚ್ಚಳ ತೆಗೆದಾಗ ‘ಬುಸ್’ ಎಂದಿತು. ಹಣ್ಣು ಕೆಟ್ಟಿತೇ? ಅಲ್ಲದೆ, ಒಂದು ಬಾಟಲಿಗೆ ಎಷ್ಟು ಹಣ್ಣು ಹಾಕಬಹುದು?
— ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಓದಿದ ವಿಧಾನ ತಪ್ಪಲ್ಲ, ರುಮೇನಿಯಾದಲ್ಲಿ ಹಣ್ಣು ಮತ್ತು ಸಕ್ಕರೆಯನ್ನು ಪದರ ಪದರವಾಗಿ ತುಂಬಿ ಕೆಲವು ದಿನ ಬಿಟ್ಟು ಮದ್ಯ ಸುರಿಯುವ ರೂಢಿಯಿದೆ. ಆದರೆ ಮಂಡ್ಯದ ಮೇ ತಿಂಗಳ ಸೆಕೆಯಲ್ಲಿ ಹಣ್ಣಿನ ಸಿಪ್ಪೆಯ ಮೇಲಿರುವ ಯೀಸ್ಟ್ ಅಷ್ಟು ದಿನ ಸುಮ್ಮನಿರುವುದಿಲ್ಲ. ಸಕ್ಕರೆ ಕರಗಿ ರಸ ಬಿಟ್ಟ ಕೂಡಲೇ ಹುದುಗುವಿಕೆ ಶುರುವಾಗಿ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿ ಈ ಒತ್ತಡಕ್ಕೆ ಒಡೆಯಲೂಬಹುದು. ಬೂಷ್ಟು ಕಂಡರೆ ಪೂರ್ತಿ ಚೆಲ್ಲಿಬಿಡಿ. ಮೇಲಿನದನ್ನಷ್ಟೇ ತೆಗೆದು ಉಳಿಸಿಕೊಳ್ಳುವ ಪ್ರಯತ್ನ ಬೇಡ. ನಮ್ಮ ಹವೆಗೆ ಹೊಂದುವುದು ಮೇಲೆ ಹೇಳಿದ ಪೋಲೆಂಡ್ ಕ್ರಮವೇ: ಮೊದಲು ಮದ್ಯ, ನಂತರ ಸಕ್ಕರೆ.

ಎರಡನೆಯ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರಿಸಬೇಕು. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ವೋಡ್ಕಾ, ರಮ್, ಬ್ರಾಂಡಿಗಳ ಚೀಟಿಯಲ್ಲಿ ಮದ್ಯಸಾರ ಶೇಕಡಾ 42.8 ಎಂದಿರುತ್ತದೆ. ಅಂದರೆ 750 ಮಿಲಿಲೀಟರಿನಲ್ಲಿ ಶುದ್ಧ ಮದ್ಯಸಾರ ಸುಮಾರು 321 ಮಿಲಿಲೀಟರ್. ಅರ್ಧ ಕಿಲೋ ಚೆರ್ರಿಯಲ್ಲಿ ನೀರೇ ಸುಮಾರು 400 ಮಿಲಿಲೀಟರ್ ಇದ್ದು, ನೆನೆಯುತ್ತಾ ಅದು ಮದ್ಯದೊಂದಿಗೆ ಸಮವಾಗಿ ಬೆರೆಯುವುದರಿಂದ ಒಟ್ಟು 1,150 ಮಿಲಿಲೀಟರಿನಲ್ಲಿ ಶೇಕಡಾ 28ರಷ್ಟು ಮದ್ಯಸಾರ ಉಳಿಯುತ್ತದೆ. ಸಕ್ಕರೆ, ನಿಂಬೆರಸ ಸೇರಿದ ಮೇಲೆ ಶೇಕಡಾ 25ರ ಆಸುಪಾಸಿಗೆ ಬರುತ್ತದೆ. ಇದು ಹುದುಗದೆ ನಿಲ್ಲುವ ಪ್ರಮಾಣ. ಅದೇ ಬಾಟಲಿಗೆ ‘ಇನ್ನಷ್ಟು ರುಚಿಯಾಗಲಿ’ ಎಂದು ಒಂದು ಕಿಲೋ ಹಣ್ಣು, 400 ಗ್ರಾಂ ಸಕ್ಕರೆ ಹಾಕಿದರೆ ಶೇಕಡಾ 18ಕ್ಕೆ ಇಳಿಯುತ್ತದೆ. ಶೇಕಡಾ 20ಕ್ಕಿಂತ ಕೆಳಗಿಳಿದುದನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸುವುದು ಲೇಸು. ಹೈಡ್ರೋಮೀಟರ್ ಮುಳುಗಿಸಿ ಅಳೆಯುತ್ತೇನೆಂದು ಹೊರಡಬೇಡಿ. ಸಕ್ಕರೆ ದ್ರವದ ಸಾಂದ್ರತೆಯನ್ನು ಹೆಚ್ಚಿಸುವುದರಿಂದ ಅದು ತೋರಿಸುವ ಅಂಕಿಗೆ ಅರ್ಥವಿರುವುದಿಲ್ಲ.

ಪ್ರಶ್ನೆ: ಚೆರ್ರಿ ಬೀಜ ವಿಷವೆನ್ನುತ್ತಾರೆ. ಆದರೆ ಯುರೋಪಿನಲ್ಲಿ ಬೀಜಸಹಿತ ಹಣ್ಣನ್ನೇ ನೆನೆಹಾಕುತ್ತಾರಂತೆ. ಯಾವುದು ಸರಿ?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಎರಡೂ ನಿಜವೇ. ಬೀಜದ ಗಟ್ಟಿ ಚಿಪ್ಪಿನೊಳಗಿನ ತಿರುಳಿನಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ತಿರುಳು ಜಜ್ಜಿಹೋದಾಗ ಅದು ಒಡೆದು, ಬಾದಾಮಿಯ ಪರಿಮಳ ಕೊಡುವ ಬೆಂಜಾಲ್ಡಿಹೈಡ್ ಮತ್ತು ವಿಷವಾದ ಹೈಡ್ರೋಜನ್ ಸಯನೈಡ್ ಎರಡನ್ನೂ ಬಿಡುಗಡೆ ಮಾಡುತ್ತದೆ. ಚಿಪ್ಪು ಒಡೆಯದಿದ್ದರೆ ಹೊರಬರುವುದು ಅತ್ಯಲ್ಪ. ಬಾದಾಮಿಯ ಛಾಯೆ ಬೇಕೆನಿಸಿದರೆ ನಾಲ್ಕೈದು ಇಡೀ ಬೀಜಗಳನ್ನು ಕೆಲವು ವಾರ ಹಾಕಿ ತೆಗೆಯಬಹುದು. ಒರಳಿನಲ್ಲಿ ಕುಟ್ಟಿಯೋ ಮಿಕ್ಸಿಯಲ್ಲಿ ತಿರುವಿಯೋ ಹಾಕುವುದು ಮಾತ್ರ ಸರ್ವಥಾ ಸಲ್ಲದು.

ಪ್ರಶ್ನೆ: ಚೆರ್ರಿ ಬಹಳ ದುಬಾರಿ. ನಮ್ಮ ಬೀದಿಯಲ್ಲಿ ಗಸಗಸೆ ಹಣ್ಣಿನ ಮರವಿದೆ, ಅದನ್ನು ‘ಸಿಂಗಾಪುರ ಚೆರ್ರಿ’ ಎಂದೂ ಕರೆಯುತ್ತಾರೆ. ಅದು ಆಗುತ್ತದೆಯೇ? ಇಲ್ಲದಿದ್ದರೆ ಬೇಕರಿಯ ಚೆರ್ರಿ? ನೇರಳೆ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಗಸಗಸೆ ಹಣ್ಣಿಗೆ ಹೆಸರಿನಲ್ಲಷ್ಟೇ ಚೆರ್ರಿಯ ಸಂಬಂಧ. ಬರೀ ಸಿಹಿ, ಹುಳಿಯಿಲ್ಲ. ತಿರುಳಿನ ತುಂಬ ಸಣ್ಣ ಬೀಜಗಳಿರುವುದರಿಂದ ಸೋಸುವುದೂ ಕಷ್ಟ. ಅದನ್ನು ಮಕ್ಕಳಿಗೂ ಬಾವಲಿಗಳಿಗೂ ಬಿಟ್ಟುಬಿಡೋಣ.

ಬೇಕರಿಯವರು ಕೇಕಿನ ಮೇಲಿಡುವ ಕೆಂಪು ‘ಚೆರ್ರಿ’ ನಮ್ಮ ದೇಶದಲ್ಲಿ ಹೆಚ್ಚಾಗಿ ಕವಳೆಕಾಯಿ, ಅಂದರೆ ಕರಂಡೆ. ಅದರ ಹುಳಿ ತೆಗೆದು, ಸಕ್ಕರೆ ಪಾಕ ಕುಡಿಸಿ, ಬಣ್ಣ ಕಟ್ಟಿರುತ್ತಾರೆ. ಅದನ್ನು ನೆನೆಹಾಕಿದರೆ ಮದ್ಯಕ್ಕೆ ಇಳಿಯುವುದು ಬಣ್ಣ ಮತ್ತು ಸಕ್ಕರೆ ಮಾತ್ರ. ಆದರೆ ಪಾಕ ಕಾಣದ ಗಿಡದ ಕವಳೆ ಹಣ್ಣಿನ ಮಾತೇ ಬೇರೆ. ನಿಜವಾದ ಹುಳಿ ಚೆರ್ರಿಯ ಸ್ವಭಾವಕ್ಕೆ ನಮ್ಮಲ್ಲಿ ತೀರ ಹತ್ತಿರ ಬರುವ ಹಣ್ಣು ಇದೇ ಎಂಬುದು ನನ್ನ ಅಭಿಪ್ರಾಯ. ಹಸಿರು ಕಾಯಿ ಬೇಡ, ಅದು ಅಂಟಾದ ಹಾಲು ಸುರಿಸುತ್ತದೆ. ಕಪ್ಪು ನೇರಳೆ ಬಣ್ಣಕ್ಕೆ ತಿರುಗಿ ಮೆತ್ತಗಾದ ಹಣ್ಣನ್ನೇ ಆರಿಸಿ, ಎರಡು ಹೋಳು ಮಾಡಿ, ಒಂದು ಬಾಟಲಿಗೆ 400 ಗ್ರಾಂನಂತೆ ನೆನೆಹಾಕಿ. ನಿಂಬೆರಸ ಬೇಕಾಗದು, ಸಕ್ಕರೆ 250 ಗ್ರಾಂ ಬೇಕಾದೀತು. ಅರ್ಧ ಚೆರ್ರಿ, ಅರ್ಧ ಕವಳೆ ಹಾಕಿದರೆ ಖರ್ಚೂ ಇಳಿಯುತ್ತದೆ, ಹುಳಿಯೂ ಕೂಡುತ್ತದೆ.

ನೇರಳೆಯ ಬಣ್ಣ ಸೊಗಸಾದರೂ ಒಗರು ಜಾಸ್ತಿ. ಬೀಜ ಬಿಡಿಸಿ ಹಾಕಿ, ಹತ್ತು ದಿನಕ್ಕೇ ಸೋಸಿಬಿಡಿ. ಹೆಚ್ಚು ದಿನ ಬಿಟ್ಟಷ್ಟೂ ನಾಲಗೆ ದಪ್ಪವಾಗುವ ಒಗರು ಇಳಿಯುತ್ತದೆ. ನೇರಳೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆಯಿಂದ ಮಧುಮೇಹಿಗಳು ಇದನ್ನು ಔಷಧಿಯೆಂದು ಭಾವಿಸಬಾರದು. ಇದರಲ್ಲಿ ಸಕ್ಕರೆಯೂ ಇದೆ, ಮದ್ಯವೂ ಇದೆ. ಕೆಲವು ಮಧುಮೇಹ ಔಷಧಿಗಳೊಂದಿಗೆ ಮದ್ಯ ಸೇರಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ಪ್ರಶ್ನೆ: ಆಲೆಮನೆಯ ಬೆಲ್ಲವನ್ನು ಸಕ್ಕರೆಯ ಬದಲು ಬಳಸಬಹುದೇ?
— ಓದುಗರೊಬ್ಬರು, ಮದ್ದೂರು

ಉತ್ತರ: ಚೆರ್ರಿಗೆ ಬೇಡ, ಬಣ್ಣ ಮಂಕಾಗುತ್ತದೆ, ಬೆಲ್ಲದ ರುಚಿ ಹಣ್ಣನ್ನು ಮುಚ್ಚಿಹಾಕುತ್ತದೆ. ಅನಾನಸ್ ಮತ್ತು ರಮ್‌ಗೆ ಮಾತ್ರ ಬೆಲ್ಲವೇ ಚೆಂದ. ರಮ್ಮಿನ ಮೂಲವೂ ಕಬ್ಬಿನ ಕಾಕಂಬಿಯೇ ಆದ್ದರಿಂದ ಎರಡೂ ಒಂದಕ್ಕೊಂದು ಒಗ್ಗುತ್ತವೆ. ಒಂದು ಬಾಟಲಿ ರಮ್ಮಿಗೆ ಅರ್ಧ ಕಿಲೋ ಅನಾನಸ್ ಹೋಳು ಹಾಕಿ ಎರಡು ವಾರಕ್ಕೆ ಸೋಸಿ. ಹೈಡ್ರೋಸ್ ಹಾಕಿ ಬಿಳುಪಾಗಿಸದ, ಕಂದು ಬಣ್ಣದ 150 ಗ್ರಾಂ ಅಚ್ಚು ಬೆಲ್ಲವನ್ನು 75 ಮಿಲಿಲೀಟರ್ ನೀರಿನಲ್ಲಿ ಕುದಿಸಿ, ಮರಳು, ಕಸ ಹೋಗುವಂತೆ ತೆಳು ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿ ಪಾಕವನ್ನು ಮದ್ಯಕ್ಕೆ ಸುರಿದರೆ ಏಳುವ ಆವಿ ಒಲೆಯ ಉರಿಗೆ ಹೊತ್ತಿಕೊಳ್ಳಬಹುದು. ಈ ಕೆಲಸವನ್ನು ಸ್ಟೌವಿನಿಂದ ದೂರವೇ ಮಾಡಬೇಕು.

ಪ್ರಶ್ನೆ: ಪ್ರಯೋಗಾಲಯದ ಸ್ಪಿರಿಟ್ ಕಡಿಮೆ ಬೆಲೆಗೆ ಸಿಗುತ್ತದೆ. ಅದಕ್ಕೆ ನೀರು ಬೆರೆಸಿ ಬಳಸಬಹುದೇ? ಚೆನ್ನಾಗಿ ಬಂದರೆ ಪರಿಚಯದವರಿಗೆ ಮಾರುವ ಯೋಚನೆಯೂ ಇದೆ.
— ಓದುಗರೊಬ್ಬರು, ನಂಜನಗೂಡು

ಉತ್ತರ: ಎರಡೂ ಬೇಡ. ಪ್ರಯೋಗಾಲಯ, ಪಾಲಿಶ್, ಸ್ಯಾನಿಟೈಸರ್‌ಗಳಿಗೆ ಬಳಸುವ ಸ್ಪಿರಿಟ್‌ಗೆ ಜನ ಕುಡಿಯಬಾರದೆಂದೇ ಮೆಥನಾಲ್‌ನಂಥ ವಿಷವಸ್ತುಗಳನ್ನು ಬೆರೆಸಿರಬಹುದು. ಮೆಥನಾಲ್ ಕಣ್ಣು ಕಳೆಯುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ನೀರು ಬೆರೆಸಿದರೂ, ಸೋಸಿದರೂ, ಹಣ್ಣು ಹಾಕಿದರೂ ಅದು ಹೋಗುವುದಿಲ್ಲ. ಪರವಾನಗಿಯುಳ್ಳ ಅಂಗಡಿಯಿಂದ ಸೀಲಿರುವ ಬಾಟಲಿಯನ್ನೇ ಕೊಳ್ಳಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ. ಮನೆಯಲ್ಲಿ ಭಟ್ಟಿ ಇಳಿಸುವುದಂತೂ ಯೋಚಿಸಲೇಬಾರದ ಸಂಗತಿ. ಈ ಅಂಕಣದಲ್ಲಿ ಹೇಳಿರುವುದೆಲ್ಲ ಕೊಂಡ ಮದ್ಯದಲ್ಲಿ ಮನೆಬಳಕೆಗೆ ಹಣ್ಣು ನೆನೆಹಾಕುವುದಕ್ಕೆ ಮಾತ್ರ ಅನ್ವಯಿಸುತ್ತದೆ. ಮಾರುವ ಯೋಚನೆಯಿದ್ದರೆ ಮೊದಲು ಅಬಕಾರಿ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಸೋಸಿದರೂ ಲಿಕ್ಯೂರ್ ಮಬ್ಬಾಗಿದೆ, ತಳದಲ್ಲಿ ಲೋಳೆಯಂಥ ಎಳೆಗಳಿವೆ. ಉಳಿದ ಹಣ್ಣನ್ನು ಏನು ಮಾಡಲಿ?
— ಓದುಗರೊಬ್ಬರು, ವಿಜಯನಗರ, ಮೈಸೂರು

ಉತ್ತರ: ಆ ಎಳೆಗಳು ಹಣ್ಣಿನ ಪೆಕ್ಟಿನ್, ಮದ್ಯದಲ್ಲಿ ಅದು ಕರಗದೆ ಹೆಪ್ಪುಗಟ್ಟುತ್ತದೆ. ಹಾನಿಯಿಲ್ಲ. ಬಟ್ಟೆಯಲ್ಲಿ ಹಣ್ಣನ್ನು ಹಿಂಡಿದ್ದರಿಂದ ಹೀಗಾಗಿರುವ ಸಾಧ್ಯತೆ ಹೆಚ್ಚು. ಹಿಂಡದೆ ತಾನಾಗಿ ತೊಟ್ಟಿಕ್ಕಲು ಬಿಡಬೇಕು. ಈಗ ಬಾಟಲಿಯನ್ನು ಒಂದು ವಾರ ಅಲುಗಿಸದೆ ಫ್ರಿಜ್ಜಿನಲ್ಲಿಟ್ಟು, ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಂಡು, ತಳದ್ದನ್ನು ಮಾತ್ರ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಹಣ್ಣನ್ನು ಐಸ್‌ಕ್ರೀಮ್ ಜೊತೆ ತಿನ್ನಬಹುದು, ಕ್ರಿಸ್‌ಮಸ್ ಕೇಕಿಗೂ ಹಾಕಬಹುದು. ಅದರಲ್ಲಿಯೂ ಲಿಕ್ಯೂರ್‌ನಷ್ಟೇ ಮದ್ಯಸಾರ ಇರುವುದರಿಂದ, ಡಬ್ಬಿಯ ಮೇಲೆ ಚೀಟಿ ಅಂಟಿಸಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ.